ನಾಲ್ಕನೆಯ ವೃತ್ತದ ಬಣ್ಣ

ಪ್ಲೆಸೆಂಟನ್
೧೬ ನವೆಂಬರ್ ೨೦೨೫, ಭಾನುವಾರ

ಅವ್ವಾ,

ವೇದಿಕೆಯ ಮೇಲೆ, ಅಂದರೆ ಹಾಸನದಲ್ಲಿ ಹೇಮಶ್ರೀ ಮನೆಯ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಆಸೀನರಾಗಿರುವ ಸಭಾಧ್ಯಕ್ಷರಾದ ಶ್ರೀಮತಿ ನಂಜಮ್ಮನವರೇ, ಅವರ ಹೆಗಲ ಮೇಲಿಂದ ಇಣುಕಿ ಈ ಕಾಗದ ಓದುತ್ತಿರುವ ನನ್ನ ತಂಗಿಯೇ, ಕುರ್ಚಿಯ ಕೆಳಗೆ ಮಲಗಿರುವ ಬೆಕ್ಕೇ, ಮತ್ತು ನೆರೆದಿರುವ ಸಮಸ್ತ ಬಾಂಧವರೇ. ಬಂದವರಿಗೆಲ್ಲ ವಂದನೆ, ಬಾರದವರಿಗೆ ನಿಂದನೆ, ಎರಡು ತಿಂಗಳು ಕಾಗದ ಬರೆಯದ ಈ ಮಗನ ಪರವಾಗಿ ಹೃತ್ಪೂರ್ವಕ ವೇದನೆ.

ತಡವಾಯಿತು, ಬೈಯಬೇಡ. ಆಫೀಸಿನ ನೆಪ ಹೇಳಿದರೆ ನೀನು ನಂಬುವವಳಲ್ಲ. ನಿನ್ನ ಮಗ ಓದಿದ್ದು ಕನ್ನಡ ಮಾಧ್ಯಮದ ಬಿ.ಎ., ಮಾಡುತ್ತಿರುವುದು ಇಂಗ್ಲಿಷಿನ ಕ್ಯೂ.ಎ.; ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಹೇಳುವುದಕ್ಕೆ ಸಂಬಳ. ಫೋನಿನಲ್ಲಿ ಎಲ್ಲ ಹೇಳಬಹುದಿತ್ತು. ಆದರೆ ಫೋನಿನ ಮಾತು ಕಿವಿಯಲ್ಲೇ ಒಣಗುತ್ತದೆ, ಕಾಗದವಾದರೆ ದಿಂಬಿನ ಕೆಳಗಿಟ್ಟುಕೊಳ್ಳಬಹುದು ಎಂದವಳು ನೀನೇ. ನಿನ್ನ ಬಿ.ಪಿ. ಮಾತ್ರೆ ತಪ್ಪದೆ ನಡೆಯುತ್ತಿದೆಯೇ? ಮರಿಸ್ವಾಮಿ ಮಾವನ ಮಂಡಿ ಹೇಗಿದೆ? ನಾನು ಕೇಳಿದೆ ಎಂದು ಹೇಳು.

ಈಗ ಮುಖ್ಯ ಸುದ್ದಿ. ನಿನ್ನ ಮೊಮ್ಮಗಳು ಲಾಸ್ಯಾ ಮೊನ್ನೆ ಎಂಟನೇ ತಾರೀಖು ಇಲ್ಲಿಯ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಭಾಷಣ ಮಾಡಿದಳು. ಕನ್ನಡದಲ್ಲಿ, ಏಳು ನಿಮಿಷ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹದಿನಾರರ ಹುಡುಗಿ ಇವಳು, ನೆನಪಿರಲಿ.

ಮಕ್ಕಳ ಸ್ಪರ್ಧೆಗೆ ಅಧ್ಯಕ್ಷರಾದ ಶೇಷಗಿರಿ ಕೊಟ್ಟ ವಿಷಯ ‘ನಮ್ಮ ಮನೆತನ’. ಉಳಿದ ಮಕ್ಕಳು ಗೋತ್ರ, ಕುಲದೇವರು, ಮುತ್ತಜ್ಜ ಕಟ್ಟಿಸಿದ ಛತ್ರ ಎಂದು ಬಾಯಿಪಾಠ ಒಪ್ಪಿಸಿದರು. ಲಾಸ್ಯಾ ಮಾತ್ರ ಬಾಗಿಲಿನಷ್ಟು ದೊಡ್ಡದೊಂದು ರಟ್ಟು ಹೊತ್ತು ವೇದಿಕೆ ಹತ್ತಿದಳು. ರಟ್ಟಿನ ಮೇಲೆ ಬರೀ ವೃತ್ತಗಳು, ಕೆಲವು ಬಿಳಿ, ಕೆಲವು ಕಪ್ಪು. ಶಾಲೆಯ ಇತಿಹಾಸದ ಪಾಠದಲ್ಲಿ ಅವಳು ನೋಡಿದ್ದ ಜರ್ಮನಿಯ ಕಾನೂನೊಂದರ ನಕ್ಷೆ ಅದು, ೧೯೩೫ರದು. ಹಿಟ್ಲರನ ಸರ್ಕಾರ ಒಬ್ಬೊಬ್ಬ ಮನುಷ್ಯನ ಅಜ್ಜ ಅಜ್ಜಿಯರನ್ನು ಎಣಿಸಿತಂತೆ, ಯಹೂದಿಯಾದರೆ ಕಪ್ಪು ವೃತ್ತ, ಅಲ್ಲವಾದರೆ ಬಿಳಿ. ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ ನೀನೂ ಯಹೂದಿ, ಪೌರತ್ವ ಹೋಯಿತು. ಇಬ್ಬರಾದರೆ ಮೊದಲನೇ ದರ್ಜೆಯ ಬೆರಕೆ. ಒಬ್ಬರೇ ಆದರೆ ಎರಡನೇ ದರ್ಜೆಯ ಬೆರಕೆ. ಯಾರನ್ನು ಮದುವೆಯಾಗಬಹುದು, ಯಾವ ಕೆಲಸಕ್ಕೆ ಸೇರಬಹುದು, ಎಲ್ಲಕ್ಕೂ ಈ ವೃತ್ತಗಳೇ ಲೆಕ್ಕ. ಅಜ್ಜಿ ಯಾರೆಂದು ತಿಳಿಯಲು ಚರ್ಚಿನ ಹಳೆಯ ದಪ್ತರು ತೆಗೆದು ನೋಡುತ್ತಿದ್ದರಂತೆ. ರಕ್ತದ ಮಾತಾಡುತ್ತಿದ್ದವರ ಕೈಯಲ್ಲಿ ಇದ್ದದ್ದು ಬರೀ ಕಾಗದ, ಎಂದಳು. ಅವ್ವ, ಆ ವಾಕ್ಯ ಅವಳದೇ. ನಾನು ಬರೆದುಕೊಟ್ಟದ್ದಲ್ಲ. ನಾನು ಬರೆದಿದ್ದರೆ ಪ್ರಾಸ ಇರುತ್ತಿತ್ತು.

ಸಭೆಯಲ್ಲಿ ಗುಸುಗುಸು ಶುರುವಾಯಿತು. ಶೇಷಗಿರಿ ಗಡಿಯಾರ ನೋಡಿಕೊಂಡರು. ಮುಂದಿನ ಸಾಲಿನ ಹಂಸಾ, ನಿನ್ನ ಸೊಸೆ ನಿರುಪಮಾಳ ಗೆಳತಿ, ಪಾಪ ಒಳ್ಳೆಯ ಹೆಂಗಸೇ, ಇದಕ್ಕೂ ನಮ್ಮ ಮನೆತನಕ್ಕೂ ಏನು ಸಂಬಂಧ ಮಗು ಎಂದು ಕೂತಲ್ಲಿಂದಲೇ ಕೇಳಿದರು.

ಲಾಸ್ಯಾ ಹೇಳಿದಳು: “ಆಂಟಿ, ಗೌರಿ ಹಬ್ಬದ ದಿನ ನೀವು ನನ್ನ ಕೇಳಿದ್ರಿ. ಅಪ್ಪಂದು ಏನು, ಅಮ್ಮಂದು ಏನು, ಹಾಗಾದ್ರೆ ನೀನು ಯಾವುದು ಅಂತ. ನನಗೆ ಆನ್ಸರ್ ಗೊತ್ತಿರ್ಲಿಲ್ಲ. ಆಮೇಲೆ ಹಿಸ್ಟರಿ ಬುಕ್ಕಲ್ಲಿ ಈ ಚಾರ್ಟು ನೋಡ್ದೆ. ಕ್ವೆಶ್ಚನ್ನು ಅದೇ.”

ಹಿಂದೆ ಬಿಸಿಬೇಳೆಬಾತ್ ಟ್ರೇ ಬಿಚ್ಚುತ್ತಿದ್ದವರು ಫಾಯಿಲು ಬಿಟ್ಟು ಇತ್ತ ತಿರುಗಿದರು. ಹಂಸಾ ತಲೆ ತಗ್ಗಿಸಿದರು. ಲಾಸ್ಯಾ ರಟ್ಟನ್ನು ತಿರುಗಿಸಿದಳು. ಹಿಂದುಗಡೆ ನಾಲ್ಕೇ ವೃತ್ತ, ನಮ್ಮ ಮನೆಯವು. ನಿರುಪಮಾಳ ತಂದೆ ತಾಯಿ ಮೈಸೂರಿನ ಬ್ರಾಹ್ಮಣರು, ಅವೆರಡಕ್ಕೆ ಹಳದಿ. ನನ್ನ ಕಡೆಯ ಎರಡಕ್ಕೆ ಹಸಿರು. ‘ತಿಮ್ಮೇಗೌಡ’ ಎಂದು ಅಪ್ಪನ ಹೆಸರು, ಪಕ್ಕದಲ್ಲಿ ದುಂಡಗೆ ‘ನಂಜಮ್ಮ’ ಎಂದು ನಿನ್ನ ಹೆಸರು. ಮೂರು ಅಕ್ಷರದಲ್ಲಿ ಒಂದೂ ತಪ್ಪಿಲ್ಲ. “ನೋಡಿ, ಎಲ್ಲ ಓಪನ್ ಆಗಿದೆ. ನಮ್ಮ ಮನೇಲಿ ನಾವು ಯಾರನ್ನೂ ಹೈಡ್ ಮಾಡಿಲ್ಲ. ಯಾವುದಾದ್ರೂ ಸರ್ಕಾರ ಬಂದು ಇದನ್ನ ಕೂಡಿಸಿ ಕಳೆದ್ರೂ ನಾನು ನಾಲ್ಕು ಜನದ ಮೊಮ್ಮಗಳೇ” ಎಂದು ಹೇಳಿ, ನಮಸ್ಕಾರ ಮಾಡಿ ಇಳಿದಳು.

ಎರಡನೇ ಬಹುಮಾನ ಬಂತು. ಎರಡು ನಿಮಿಷ ಹೆಚ್ಚು ಮಾತಾಡಿದಳು ಎಂದು ತೀರ್ಪುಗಾರ ಮಧ್ವೇಶ ಕಾರಣ ಕೊಟ್ಟ. ಮೊದಲನೆಯದು ಗೋತ್ರ, ಪ್ರವರ ತಡವರಿಸದೆ ಹೇಳಿದ ಹುಡುಗನಿಗೆ. ಇರಲಿ, ಮೊದಲಿನವನಿಗೆ ಲೋಟ, ಎರಡನೆಯವಳಿಗೆ ಊಟ. ಅವಳು ಎರಡು ಸಲ ಬಡಿಸಿಕೊಂಡಳು. ಆಮೇಲೆ ವಂದನಾರ್ಪಣೆ ಮಾಡಬೇಕಾದ ನಾನು ಮೈಕಿನ ಮುಂದೆ ನಿಂತು ಒಂದು ಪ್ರಾಸವೂ ಹೊಳೆಯದೆ ಬರೀ ಥ್ಯಾಂಕ್ಸ್ ಹೇಳಿ ಇಳಿದೆ. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಜನ ಗಾಬರಿಯಾಗಿ ನನ್ನ ಆರೋಗ್ಯ ವಿಚಾರಿಸಿದರು. ಮಗಳ ಮೇಲಿನ ಹೆಮ್ಮೆಗೆ ಪ್ರಾಸ ಮರೆತೆ ಎಂದೆ. ಅದು ಸುಳ್ಳೂ ಅಲ್ಲ. ನೀನು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸೂಲಗಿತ್ತಿ ನರ್ಸಾಗಿ ಎಷ್ಟು ಕೂಸುಗಳನ್ನು ಕೈಗೆ ತೆಗೆದುಕೊಂಡೆಯೋ, ಒಂದನ್ನೂ ಯಾರದು ಎಂದು ಕೇಳಿ ಎತ್ತಿಕೊಂಡವಳಲ್ಲ. ಆ ನೇರ ಬೆನ್ನು ನನ್ನನ್ನು ದಾಟಿ ಸೀದಾ ಅವಳಿಗೆ ಹೋಗಿದೆ.

ಸಭೆಗೆ ನಮ್ಮ ಎದುರು ಮನೆಯ ವರ್ನರ್ ಬಂದಿದ್ದರು. ತೊಂಬತ್ತೊಂದು ವರ್ಷ, ಓಕ್ಲ್ಯಾಂಡ್ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಹುಟ್ಟಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಆ ಕಾನೂನಿನ ಪ್ರಕಾರ ಎರಡನೇ ದರ್ಜೆಯ ಬೆರಕೆ ಅವರು. ಅಪ್ಪನ ತಾಯಿ ಒಬ್ಬರೇ ಯಹೂದಿ. ಲಾಸ್ಯಾಗೆ ಆ ವೃತ್ತಗಳ ಲೆಕ್ಕ ಬಿಡಿಸಿ ಹೇಳಿದವರೂ ಅವರೇ. ಕನ್ನಡ ಒಂದಕ್ಷರ ಬರದಿದ್ದರೂ ಮೊದಲ ಸಾಲಿನಲ್ಲಿ ಕೂತಿದ್ದರು. ಆ ಚಿತ್ರಕ್ಕೆ ಭಾಷೆ ಬೇಕಿಲ್ಲ ಎಂದರು.

ಲಾಸ್ಯಾ ಅವಳಮ್ಮನ ಕಾರಿನಲ್ಲಿ ಹೋದಳು. ವರ್ನರ್ ಅವರನ್ನು ನಾನು ಕರೆದುಕೊಂಡು ಬಂದೆ. ದಾರಿಯಲ್ಲಿ ಅವರು ಅಜ್ಜಿಯ ಕಥೆ ಹೇಳಿದರು. ಅವರ ಅಪ್ಪ ಹಡಗಿನ ಕಂಪನಿಯೊಂದರಲ್ಲಿ ಗುಮಾಸ್ತ. ತಾಯಿ ಯಹೂದಿ ಎಂದು ಕಚೇರಿಗೆ ತಿಳಿದರೆ ಕಷ್ಟ. ಹಾಗಾಗಿ ಸಹೋದ್ಯೋಗಿಗಳು ಮನೆಗೆ ಬಂದಾಗ ಅಜ್ಜಿ ತಾನಾಗಿಯೇ ಕೆಲಸದವರ ಏಪ್ರನ್ ಕಟ್ಟಿಕೊಂಡು ಕಾಫಿ ತಂದಿಡುತ್ತಿದ್ದಳಂತೆ. ಪಾತ್ರ ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ, ಮೊಮ್ಮಗನಿಗೂ ಬಗ್ಗಿ, ಚಿಕ್ಕ ಯಜಮಾನರೇ ಇನ್ನಷ್ಟು ಹಾಲು ಬೇಕೇ ಎನ್ನುತ್ತಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಯಾವ ರಕ್ಷಣೆಯೂ ಉಳಿಯಲಿಲ್ಲ. ೧೯೪೨ರಲ್ಲಿ ರೈಲು ಹತ್ತಿಸಿದರು. ಮನೆಯವರು ಯಾರೂ ನಿಲ್ದಾಣಕ್ಕೆ ಹೋಗಲಿಲ್ಲ. ಕೆಲಸದವಳನ್ನು ಬೀಳ್ಕೊಡಲು ಗುಮಾಸ್ತರ ಮನೆಯವರು ಹೋಗುತ್ತಾರೆಯೇ?

“ಕಾನೂನು ಅವಳನ್ನು ಆಮೇಲೆ ಕಳೆಯಿತು. ನಾವು ಮೊದಲೇ ಕಳೆದಿದ್ದೆವು” ಎಂದರು. ಆಮೇಲೆ, ನಿನ್ನ ಮಗಳು ಅದೃಷ್ಟವಂತೆ, ಅವಳ ನಾಲ್ಕೂ ವೃತ್ತ ತುಂಬಿವೆ ಎಂದು ನನ್ನ ಭುಜ ತಟ್ಟಿದರು.

ಅವಳು ಡಿಸೆಂಬರ್ ರಜೆಯಲ್ಲಿ ನಿನ್ನ ಹತ್ತಿರ ಬರುತ್ತಾಳೆ. ರಟ್ಟನ್ನೂ ತರುತ್ತಾಳಂತೆ. ನಿನ್ನ ತವರು, ನಿನ್ನ ಅಪ್ಪ ಅವ್ವ, ಎಲ್ಲ ಕೇಳಿ ರೆಕಾರ್ಡು ಮಾಡಿಕೊಂಡು ವೃತ್ತಗಳಲ್ಲಿ ಫೋಟೋ ಅಂಟಿಸಬೇಕಂತೆ. ಅವಳಿಗೆ ನಿನ್ನ ಕೈಯ ಮೊಸೊಪ್ಪು ಮುದ್ದೆ ಮಾಡಿ ಹಾಕು. ನಮ್ಮ ಮೂವರಿಗೂ ನಿನ್ನ ಆಶೀರ್ವಾದವಿರಲಿ.

ನಿನ್ನ ಮಗ,
ದೇವರಾಜು

ಸಹಿ ಹಾಕಿದ ಮೇಲೆ: ಮೇಲಿನದನ್ನು ಓದಿ ನೋಡಿದೆ. ಪ್ರಾಸವೆಲ್ಲ ಸರಿಯಾಗಿ ಕೂತಿದೆ. ಒಂದು ವಿಷಯ ಬಿಟ್ಟಿದ್ದೇನೆ, ಮರೆತು ಅಲ್ಲ.

ಅಡುಗೆಮನೆಯ ಮೇಜಿನ ಮೇಲೆ ಬಣ್ಣದ ಪೆನ್ಸಿಲ್ ಹಿಡಿದು ಲಾಸ್ಯಾ ಕೇಳಿದ್ದಳು, ಅಪ್ಪಾ ನಿನ್ನ ಕಡೆಯವಕ್ಕೆ ಯಾವ ಬಣ್ಣ ಎಂದು. ಎರಡಕ್ಕೂ ಹಸಿರು ಬಳಿ ಎಂದೆ. ಅವಳು ನಂಬಿ ಬಳಿದಳು. ಅಪ್ಪ ಗೌಡರು, ನೀನು ಮದ್ದೂರಿನ ದಲಿತರ ಕೇರಿಯವಳು ಎಂದು ಈ ಮನೆಯಲ್ಲಿ ನಾನು ಯಾರಿಗೂ ಹೇಳಿಲ್ಲ. ನಿರುಪಮಾಗೂ ಹೇಳಿಲ್ಲ. ಯಾವ ಸರ್ಕಾರವೂ ನನ್ನನ್ನು ಕೇಳಿರಲಿಲ್ಲ, ಅವ್ವ. ನಾಳೆ ಸಂಜೆ ಇದನ್ನು ಮೊದಲ ಸಾಲಿನಿಂದ ಅವರಿಬ್ಬರಿಗೂ ಓದಿ ಹೇಳಿ ಆಮೇಲೆ ಅಂಚೆಗೆ ಹಾಕುತ್ತೇನೆ. ಕಾಗದ ನಿನ್ನ ಕೈಗೆ ಬಂದಿದ್ದರೆ ಓದಿದ್ದೇನೆ ಎಂದೇ ತಿಳಿ.

ಇನ್ನೊಂದು ಉಳಿದಿದೆ. ಮದುವೆಯ ದಿನ ಮೈಸೂರಿನ ಛತ್ರದಲ್ಲಿ, ಸೋದರಮಾವ ಬಂದು ನಿಲ್ಲಬೇಕಾದ ಹೊತ್ತಿಗೆ, ಬಿಳಿ ಪಂಚೆ ಉಟ್ಟುಕೊಂಡು ನಿನ್ನ ಅಣ್ಣ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೈಸ್ಕೂಲಿಗೆ ಬಿಟ್ಟುಬರುತ್ತಿದ್ದ ಮರಿಸ್ವಾಮಿ ಮಾವ. ಇವರು ಯಾರು ಎಂದು ನಿರುಪಮಾಳ ತಂದೆ ಕೇಳಿದರು. ನಮ್ಮ ವ್ಯಾನಿನ ಡ್ರೈವರ್ ಎಂದೆ. ಮಾವ ಕೇಳಿಸಿಕೊಂಡ. ವ್ಯಾನುಗಳ ಪಕ್ಕದಲ್ಲಿ ಡ್ರೈವರುಗಳ ಜೊತೆ ಕೂತು ಊಟ ಮಾಡಿದ. ಹೊರಡುವಾಗ ನನ್ನ ತಲೆ ಸವರಲಿಲ್ಲ. ಕೈ ಮುಗಿದು, “ಬರ್ತೀನಿ ಸಾರ್” ಎಂದ.

ನಾನು ಆ ಮಾತು ಹೇಳುವಾಗ ನೀನು ಕಂಬದ ಪಕ್ಕದಲ್ಲೇ ಇದ್ದೆ. ನೀನೂ ಕೇಳಿಸಿಕೊಂಡೆ ಎಂದು ನನಗೆ ಆವತ್ತೇ ಗೊತ್ತಿತ್ತು.