ಎಮ್ಮಿಗಿ ಹಾಕಿದ ಹತ್ತರಕಿ

ದೋರನಹಳ್ಳಿ
ತಾ. ೨೭-೧-೧೯೯೯, ಬುಧವಾರ

ತಂಗಿ ಕರೆಮ್ಮಗ ಅಕ್ಕನ ಆಶೀರ್ವಾದ. ತಗೊಳ್ಳೋದು ಬಿಡೋದು ನಿನಗ ಬಿಟ್ಟದ್ದು.

ಆರು ವರ್ಷದ ಮ್ಯಾಲ ನನ್ನ ಅಕ್ಷರ ನೋಡಿ ಯಾರರ ಸತ್ತಾರೇನಂತ ಅಂಜಬ್ಯಾಡ. ಎಲ್ಲಾರೂ ಗಟ್ಟಿ ಅದೀವಿ. ಆದ್ರ ನನ್ನ ತಲಿ ಮಾತ್ರ ಕೆಟ್ಟು ಕುಂತಾದ. ಯಾವುದು ಮೊದಲ ಬರೀಬೇಕು, ಯಾವುದು ಆಮ್ಯಾಲ, ಒಂದೂ ತಿಳೀವಲ್ದು. ಎರಡು ಕಾಗದ ಹರದು ಒಲಿಗಿ ಹಾಕೀನಿ.

ನಿನ್ನಿಂದ ಒಂದು ಕೆಲಸ ಆಗಬೇಕು. ಅದನ್ನೇ ಮೊದಲ ಹೇಳಿಬಿಡ್ತೀನಿ. ನಿಮ್ಮ ಹೊಲದಾಗ ತಾನೇ ಹುಟ್ಟೋ ಹತ್ತರಕಿ ತಪ್ಪಲದ ಗಿಡ ಬೇಕು, ಬೇರು ಮಣ್ಣು ಸಮೇತ, ಹತ್ತು ಹನ್ನೆರಡು. ನಗು. ನಕ್ಕು ಮುಗಿಸಿ ಮುಂದ ಓದು.

ಹೋದ ಐತವಾರ ನಮ್ಮ ಮಹಿಳಾ ಸಂಘದವರು ನಲವತ್ತು ಮಂದಿ ಬಸ್ಸು ಮಾಡ್ಕೊಂಡು ಹೈದ್ರಾಬಾದಿಗಿ ಹೋಗಿದ್ವಿ, ಅಲ್ಲಿ ದೇಶದ ಗಿಡ ಎಲ್ಲಾ ಒಂದೇ ಕಡಿ ಬೆಳಸಿದ ದೊಡ್ಡ ತೋಟ ಅದ ಅಂತ. ನಸುಕಿನ್ಯಾಗ ಹೊಂಟ್ರ ಬಿಸಲೇರಿದ ಮ್ಯಾಲ ಮುಟ್ಟಿದ್ವಿ. ಏನು ತೋಟವ್ವಾ ಅದು! ಒಂದೊಂದು ಗಿಡದ ಮುಂದ ಒಂದೊಂದು ಹಲಗಿ, ಹಲಗಿ ಮ್ಯಾಲ ಹೆಸರು. ನಮ್ಮ ಬೇಲ್ಯಾಗಿನ ಕಳ್ಳಿಗೆ ಅಲ್ಲಿ ಗಾಜಿನ ಮನಿ ಕಟ್ಟ್ಯಾರ. ಸಂಘದ ಅಧ್ಯಕ್ಷಿ ಗೊಲ್ಲಾಳಮ್ಮ ಅದಕ್ಕ ಕೈ ಮುಗದಳು. ಯಾಕ ಅಂತ ಕೇಳಿದ್ರ ತನಗೂ ಗೊತ್ತಿಲ್ಲ ಅಂದಳು.

ಮಧ್ಯಾಹ್ನ ನೆಳ್ಳಾಗ ಕುಂತು ಬುತ್ತಿ ಬಿಚ್ಚಿದ್ವಿ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಾಜೂಕ ಒಂದು ಮಡಿ ಇತ್ತು. ಮಡಿ ತುಂಬ ಏನಂತಿ? ಹತ್ತರಕಿ! ಕಾಲುವಿ ನೀರು ಬಂದು ಹೊಲ ಎಲ್ಲಾ ನೆಲ್ಲಿನ ಗದ್ದಿ ಆದ ಮ್ಯಾಲ ನಮ್ಮ ಕಡಿ ಅದು ಕಣ್ಣಿಗೇ ಬಿದ್ದಿಲ್ಲ. ನನ್ನ ಕೈ ನನ್ನ ಮಾತು ಕೇಳಲಿಲ್ಲ ನೋಡು. ಕಿತ್ತು, ನಳದಾಗ ತೊಳದು, ರೊಟ್ಟಿ ಜೋಡಿ ಬಾಯಿಗಿಟ್ಟೆ. ಹಲಗಿ ಇತ್ತು, ಸುಳ್ಳ್ಯಾಕ ಹೇಳ್ಲಿ. ಉಣ್ಣೋ ತಪ್ಪಲಕ್ಕ ಯಾರರ ಹಲಗಿ ಹಾಕ್ತಾರೇನು ಅಂತ ಅನ್ಕೊಂಡೆ. ನನ್ನ ನೋಡಿ ಉಳದವರೂ ಮುಗಿಬಿದ್ರು. ರೊಟ್ಟಿ ಮುಗಿಯೋದ್ರಾಗ ಮಡಿ ಬೋಳಾಗಿ ಹಲಗಿ ಒಂದೇ ನಿಂತಿತ್ತು.

ಆ ಮಡಿ ನೋಡ್ಕೊಳ್ಳೋ ರಾಬಿಯಾ ಅನ್ನಾಕಿ ಓಡಿ ಬಂದಳು. ಬೈತಾಳ, ನಾನೂ ಬೈಬೇಕು ಅಂತ ಸೆರಗು ಸಿಗಿಸಿ ತಯಾರ ನಿಂತೆ. ಆಕಿ ಬೈಲಿಲ್ಲ, ಕುಂತು ಅತ್ತಳು. ಎರಡು ವರ್ಷ ಹಾಕಿದ ಬೀಜ ಸತ್ತು, ಈ ವರ್ಷ ಹತ್ತಿದ್ದುವಂತ. ಒಂಬತ್ತು ವರ್ಷದಿಂದ ದಿನಗೂಲಿ ಮ್ಯಾಲ ದುಡಿಯಾಕತ್ತಾಳ. ಫೆಬ್ರವರಿ ಎಂಟಕ್ಕ ದೊಡ್ಡ ಸಾಹೇಬ ಬಂದು ಒಂದೊಂದೇ ಮಡಿ ನೋಡ್ತಾನಂತ. ಮಡಿ ಚೆಂದಿದ್ರ ನೌಕರಿ ಕಾಯಂ, ಬೋಳಿದ್ರ ಮನಿಗಿ ಹೋಗೋದು. ನಾ ಆಕಿ ಕೈ ಹಿಡದು, ಹಿಂದ ಮುಂದ ನೋಡದ, ನಮ್ಮೂರಾಗ ಇದು ರಗಡ ಬೆಳೀತಾದ, ಎಂಟರೊಳಗ ತಂದು ಕೊಡ್ತೀನಿ ಅಂತ ಮಾತು ಕೊಟ್ಟು ಬಸ್ಸು ಹತ್ತಿದೆ.

ಎಲ್ಲಿ ಬೆಳೀತಾದ? ಎರಡು ದಿನ ಹುಡುಕೀನಿ. ನಮ್ಮ ಹೊಲ, ವಡಗೇರಾ ಹಾದಿ, ವನದುರ್ಗದ ಕೋಟಿ ಗ್ವಾಡಿ ಬುಡ. ಎಲ್ಲಾ ಕಡಿ ನೀರು, ನೆಲ್ಲು, ಕಸ ಸುಡೋ ಎಣ್ಣಿ ವಾಸನಿ. ಒಂದು ಎಲಿ ಸಿಗಲಿಲ್ಲ. ಬದುವಿನ ಮ್ಯಾಲ ಕುಂತು ಅತ್ತೆ, ಯಾಕ ಅಳಾಕತ್ತೀನಿ ಅಂತ ನನಗೇ ತಿಳೀಲಿಲ್ಲ. ನೀರು ಬರಲಿ ಅಂತ ದೇವರಿಗಿ ಹರಕಿ ಹೊತ್ತಾಕಿ ನಾನ. ನೀರು ಬಂದದ್ದಕ್ಕ ಉಂಡು ಉಟ್ಟು ಚೆಂದ ಅದೀವಿ. ಮತ್ತ ಇದೇನು ಸಂಕಟ, ನೀನೇ ಹೇಳು.

ಗುರುಮಠಕಲ್ ಕಡಿ ನಿಮ್ಮೂರಿಗಿ ಕಾಲುವಿ ಬಂದಿಲ್ಲ. ನಿಮ್ಮ ಜ್ವಾಳದ ಸಾಲಿನಾಗ ಇನ್ನೂ ಇರಬೇಕು. ಕೇಳಲಿಕ್ಕ ನನಗ ಮುಖ ಇಲ್ಲ, ಆದ್ರೂ ಕೇಳಾಕತ್ತೀನಿ. ನನ್ನ ಬಸುರಿ ಮಗಳು ಲಾಲಮ್ಮನ ಕುಬುಸದ ದಿನ ಹಸಿ ಅರಬಿಯೊಳಗ ಸುತ್ತಿ ಇದೇ ಹತ್ತರಕಿ ಅಷ್ಟು ದೂರದಿಂದ ತಂದಿದ್ದಿ. ಬೀಗರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನಗ ನಾಚಿಕಿ ಬಂತು. ನೀರಿಲ್ಲದೂರಿನವರು ದನದ ಮೇವು ತಂದಾರ ಅಂತ ಎಲ್ಲಾರ ಮುಂದ ಅಂದು, ಒಯ್ದು ಎಮ್ಮಿ ಮೇವು ತಿನ್ನೋ ಗ್ವಾದ್ಲಿಗಿ ಒಗದೆ. ನೀ ಉಣ್ಣದ ಹೋದಿ. ಬೀಗರಿದ್ರು, ಏನು ಮಾಡ್ಲಿ ಅಂತ ಆರು ವರ್ಷ ನೆಪ ಹೇಳ್ಕೊಂತ ಬಂದೀನಿ. ತಪ್ಪು ನಂದು, ತಂಗಿ. ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲೇ ಇರಲಿ. ರಾಬಿಯಾ ಪಾಪ ಏನು ಮಾಡ್ಯಾಳ?

ನಮ್ಮನ್ನ ಕರಕೊಂಡು ಹೋಗಿದ್ದ ಡ್ರೈವರ್ ರಾಜಾಸಾಬ ಮುಂದಿನ ವಾರ ಗುರುವಾರ, ಫೆಬ್ರವರಿ ನಾಕಕ್ಕ, ಮತ್ತ ಹೈದ್ರಾಬಾದಿಗಿ ಹೊಂಟಾನ. ಮುಂಜಾನಿ ಏಳಕ್ಕ ಗುರುಮಠಕಲ್ ಬಸ್‌ಸ್ಟ್ಯಾಂಡಿನಾಗ ನಿಲ್ಸು ಅಂತ ಹೇಳೀನಿ. ನಾನೂ ಬಸ್ಸಿನ್ಯಾಗ ಇರ್ತೀನಿ. ನನ್ನ ಜೋಡಿ ಮಾತಾಡದಿದ್ರೂ ನಡೀತಾದ, ಗಿಡ ಅವನ ಕೈಯಾಗ ಕೊಡು. ನಾ ಕೆಳಗ ಇಳೀಬೇಕೋ ಕಿಡಕ್ಯಾಗಿಂದ ನೋಡಬೇಕೋ, ಅದೂ ನನಗ ತಿಳೀವಲ್ದು.

ನಿನ್ನ ಅಕ್ಕ
ಶೇಖಮ್ಮ

ತಾ.ಕ.: ಲಕೋಟಿ ಅಂಟಿಸಿ ಮತ್ತ ಬಿಚ್ಚೀನಿ. ಅವತ್ತು ನೀ ಹೋದಿ, ಬೀಗರೂ ಹೋದ್ರು. ನಾ ಒಬ್ಬಾಕಿನೇ ದನದ ಕೊಟ್ಟಗಿಗಿ ಹೋದೆ. ಎಮ್ಮಿ ಮೇಯಲಿಕ್ಕ ಹೋಗಿತ್ತು, ಇನ್ನೂ ಬಂದಿರಲಿಲ್ಲ. ಗ್ವಾದ್ಲಿಯೊಳಗಿಂದ ಎಲ್ಲಾ ಆರಿಸಿ ತಂದು, ತೊಳದು, ಅಡಗಿಮನಿ ಕದಾ ಹಾಕ್ಕೊಂಡು ರೊಟ್ಟಿ ಜೋಡಿ ತಿಂದೆ. ಎಮ್ಮಿಗಿ ಒಂದು ಎಲಿನೂ ಬಿಡಲಿಲ್ಲ.