ಹೆಂಗಸರ ಸೈಕಲ್ಲಿಗೆ ಹಾಕಿದ ಬ್ರೇಕ್

ಗಂಗೊಳ್ಳಿ, ಆಗಸ್ಟ್ ೨೦೦೩

ಅಕ್ಕಾ,
ನಮ್ಮ ಕೊಪ್ಪಳದಲ್ಲಿ ವರ್ಷವಿಡೀ ಬೀಳುವ ಮಳೆ ಇಲ್ಲಿ ಒಂದೇ ವಾರದಲ್ಲಿ ಬೀಳುತ್ತದೆ. ಒದ್ದೆಯಲ್ಲೂ ಹಿಡಿಯುವ ಮೆತ್ತನೆಯ ಬ್ರೇಕ್ ರಬ್ಬರ್ ಕೇಳಿದರೆ ಸೈಕಲ್ ಅಂಗಡಿಯವನು, "ಹೆಂಗ್ಸ್ರ್ ಸೈಕಲ್ಲಿಗೆ ಇದೇ ಸಾಕ್ ಟೀಚರ್ರೆ," ಎಂದು ಕಲ್ಲಿನಂಥದ್ದನ್ನು ಹಾಕಿದ. ನಿನ್ನೆ ಬಂದರಿನ ಇಳಿಜಾರಿನಲ್ಲಿ ಎರಡೂ ಬ್ರೇಕ್ ಒತ್ತಿದರೂ ಸೈಕಲ್ ನಿಲ್ಲಲಿಲ್ಲ. ಮೀನು ಮಾರುವ ಉಮಾವತಿಯವರ ಬುಟ್ಟಿಯ ಮೇಲೆಯೇ ಬಿದ್ದೆ. ಬಂಗುಡೆಯೆಲ್ಲ ರಸ್ತೆಪಾಲು! ವಿಷಯ ಕೇಳಿದ ಅವರು ನನ್ನನ್ನು ಬೈಯದೆ ಅಂಗಡಿಗೇ ಕರೆದೊಯ್ದು ಅವನಿಗೆ ಹೇಳಿದರು:

"ಹ್ವಾಯ್, ಹಂಗಾರೆ ನೀವೇ ಹತ್ತಿ ಈ ಮಳಿಯಲ್ಲ್ ಆ ಇಳಿಜಾರ್ ಇಳ್ದ್ ತೋರ್ಸಿ, ಕಾಂಬ!"

ಅವನು ಹತ್ತಲಿಲ್ಲ. ಡಬ್ಬಿಯಿಂದ ಮೆತ್ತನೆಯ ರಬ್ಬರ್ ತೆಗೆದು ಹಾಕಿದ. ಅಂದರೆ ಅಂಗಡಿಯಲ್ಲಿ ಅದು ಇತ್ತು ಅಕ್ಕಾ, ಇಟ್ಟುಕೊಂಡೇ ನನಗೆ ಕೊಟ್ಟಿರಲಿಲ್ಲ!

ಮೊಣಕೈ ತರಚಿದೆ, ಅಷ್ಟೇ. ಅವ್ವನಿಗೆ ಓದಿ ಹೇಳುವಾಗ ಬಿದ್ದ ಮಾತು ಬಿಡು. ಶಾಲೆಯ ಗಂಟೆ ಆಯಿತು.

ಶಶಿಕಲಾ