ಗೋಣಿ ಸುತ್ತಿದ ಏರ್‌ಗನ್

ಥಾರ್ಸ್‌ಬಿ, ಲಿಂಕನ್‌ಶೈರ್
ಮಂಗಳವಾರ, 12 ಮಾರ್ಚ್ 2019

ನನ್ನ ಪ್ರೀತಿಯ ಹೇಜಲ್,

ಕೆಮ್ಮು ಕಡಿಮೆಯಾಯಿತೇ? ಹೋದ ವಾರ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಗ್ಲಾಸ್ಗೋದ ಆ ಬೇಕರಿಯಲ್ಲಿ ದಿನಾ ಹಿಟ್ಟಿನ ಧೂಳು ಕುಡಿಯುತ್ತೀಯಲ್ಲ, ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ನೀನು ಕೇಳುವವಳಲ್ಲ. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮಂಡಿ ಗೊಣಗುತ್ತದೆ, ಅಷ್ಟೇ. ನೀನು ಕಳಿಸಿದ ಹೂವು ಸರಿಯಾದ ಹೊತ್ತಿಗೆ ಚರ್ಚಿಗೆ ಬಂತು. ನಿಮ್ಮಪ್ಪನ ಶವಪೆಟ್ಟಿಗೆಯ ಮೇಲೆ ನಾನೇ ಇಟ್ಟೆ. ಎಲ್ಲರೂ ನಿನ್ನ ಬಗ್ಗೆ ಕೇಳಿದರು, ಹುಷಾರಿಲ್ಲ ಎಂದು ಹೇಳಿದೆ. ನಿನ್ನ ಕೆಮ್ಮು ಕೇಳಿದ ಮೇಲೆ ಅದು ಪೂರ್ತಿ ಸುಳ್ಳಾಗಿರಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ.

ನೀನಂದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ನನ್ನ ಸ್ಕಾರ್ಫನ್ನೇ ಒಲೆಗೆ ಹಾಕಿದ ಮನುಷ್ಯ ಅಮ್ಮಾ. ಈಗ ಅವರ ಬೂದಿ ಹಾಕೋಕೆ ನಾನ್ಯಾಕೆ ಬರ್ಲಿ?” ನಾನು ಫೋನ್ ಇಟ್ಟುಬಿಟ್ಟೆ. ಫೋನ್ ಹಿಡಿದರೆ ನಮ್ಮಿಬ್ಬರಿಗೂ ಅಳು ಬರುತ್ತದೆ, ಇಲ್ಲವೇ ಜಗಳ ಬರುತ್ತದೆ. ಅದಕ್ಕೇ ಕಾಗದ ಬರೆಯಲು ಕುಳಿತೆ. ಶನಿವಾರ ಹನ್ನೊಂದು ಗಂಟೆಗೆ ಥಾರ್ಪ್ ಅವರ ಹೊಲದ ಬೇಲಿಯ ಬುಡದಲ್ಲಿ, ನಿಮ್ಮಪ್ಪ ಇಷ್ಟು ವರ್ಷ ಬೇಟೆಗೆ ಕುಳಿತ ಜಾಗದಲ್ಲೇ ಬೂದಿ ಹಾಕುತ್ತೇವೆ. ನೀನು ಪಕ್ಕದಲ್ಲಿರಬೇಕೆಂದು ನನ್ನ ಆಸೆ. ನಿನ್ನನ್ನು ಬಲವಂತ ಮಾಡುವ ಯೋಗ್ಯತೆ ನನಗಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಇವತ್ತು ಕ್ಲಿಫ್ ಬರುತ್ತಾನೆ. ನೆನಪಿದೆಯಲ್ಲ, ನಿಮ್ಮಪ್ಪನ ಜೊತೆ ಮೊಲದ ಬೇಟೆಗೆ ಹೋಗುತ್ತಿದ್ದ ಗಾರೆ ಕೆಲಸದವನು. ಏರ್‌ಗನ್ ಅವನಿಗೇ ಇರಲಿ ಎಂದೆ. ಅದೀಗ ನನ್ನ ಮುಂದೆ, ಅಡುಗೆಮನೆಯ ಮೇಜಿನ ಮೇಲೆ ಮಲಗಿದೆ. ನೀನು ಕಂಡಾಗ ಎಷ್ಟು ತೆಳ್ಳಗಿತ್ತು! ಈಗ ಚಳಿಗೆ ಇದ್ದಬದ್ದದ್ದನ್ನೆಲ್ಲ ಹೊದ್ದುಕೊಂಡ ಮುದುಕನಂತಾಗಿದೆ. ಗೋಣಿಯ ಮೇಲೆ ಗೋಣಿ, ಅದರ ಮೇಲೆ ನನ್ನ ಹಳೇ ಪರದೆಯ ಚೂರು, ಮತ್ತೆ ಗೋಣಿ.

ಮೊದಲು ಹೀಗಿರಲಿಲ್ಲ. ಪಾರಿವಾಳಕ್ಕೆ ನಮಗಿಂತ ಕಣ್ಣು ಚುರುಕು, ಪಾಲಿಶ್ ಮಾಡಿದ ಮರವೋ ನಳಿಗೆಯೋ ಒಂದು ಸಲ ಫಳಕ್ ಅಂದರೆ ಇಡೀ ಗುಂಪೇ ಹಾರಿಹೋಗುತ್ತದೆ ಎಂದು ನಿಮ್ಮಪ್ಪ ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬೇಲಿಯ ಬಣ್ಣಕ್ಕೆ ಹೊಂದುವಂತೆ ಅದಕ್ಕೆ ಬಟ್ಟೆ ಬದಲಿಸುತ್ತಿದ್ದರು. ನನ್ನ ಒಳ್ಳೆಯ ಪಾತ್ರೆಯಲ್ಲೇ ಚಹಾ ಸೊಪ್ಪು, ಈರುಳ್ಳಿ ಸಿಪ್ಪೆ ಕುದಿಸಿ ಗೋಣಿಪಟ್ಟಿಗೆ ಬಣ್ಣ ಹಾಕುವುದು. ಗುಂಡು ತುಂಬಲು ನಳಿಗೆ ಮಡಚುವ ಜಾಗ ಬಿಟ್ಟು, ಗುರಿ ನೋಡುವ ದುರ್ಬೀನಿನ ಗಾಜು ಬಿಟ್ಟು, ಉಳಿದದ್ದಕ್ಕೆಲ್ಲ ಸುತ್ತುವುದು. ತುದಿಗಳನ್ನು ಬೇಕೆಂದೇ ಹರಿದು ಜೋತುಬಿಡುತ್ತಿದ್ದರು. “ಬೇಲೀಲಿ ನೆಟ್ಟಗಿರೋದು ಯಾವ್ದಾದ್ರೂ ಇದ್ಯಾ ತೋರ್ಸು? ಬಂದೂಕು ನೆಟ್ಟಗೆ ಕಂಡ್ರೆ ಹಕ್ಕಿಗೆ ಗೊತ್ತಾಗ್ಬಿಡುತ್ತೆ” ಎನ್ನುವರು. ಹೊಸ ಪಟ್ಟಿ ಸುತ್ತುವ ಮುಂಚೆ ಹಳೆಯದನ್ನೆಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ಒಂದು ದಿನ ಗಾಳಿಗೆ ಬಿಡಬೇಕು. ಕ್ಲಿಫ್‌ಗೆ ಅದನ್ನು ಕಲಿಸಿದ್ದೂ ಅವರೇ. “ಬಿಚ್ಚದೆ ಮೇಲೇ ಸುತ್ತೋನು ಒದ್ದೆ ಕಾಲುಚೀಲ ಹಾಕ್ಕೊಂಡೇ ಮಲಗೋನು” ಎಂದು ಅವನನ್ನು ಎಲ್ಲರ ಮುಂದೆ ರೇಗಿಸಿದ್ದರು.

ನೀನು ಮಾಡಿದ ಕಿತಾಪತಿ ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಬೆನ್ನಿಗೇ ಅಳುವೂ ಬರುತ್ತದೆ. ನಾನು ಹೆಣೆದುಕೊಟ್ಟ ಹಳದಿ ಸ್ಕಾರ್ಫಿನ ಒಂದು ತುದಿಯ ಕುಚ್ಚುಗಳನ್ನೆಲ್ಲ ಕತ್ತರಿಸಿ, ನಳಿಗೆಯ ಕೆಳಗೆ, ಅವರಿಗೆ ಕಾಣದ ಹಾಗೆ ಕಟ್ಟಿದ್ದೆಯಲ್ಲ. ಹಕ್ಕಿಗಳಿಗೆ ಮೊದಲೇ ತಿಳಿಯಲಿ ಎಂದು! ಪಾಪ, ಬೆಳಕು ಹರಿಯುವ ಮುಂಚೆ ಹೋಗಿ ಒಂಬತ್ತರವರೆಗೆ ಪೊದೆಯಲ್ಲಿ ಕುಳಿತರು. ಒಂದು ಪಾರಿವಾಳವೂ ಇಳಿಯಲಿಲ್ಲ. ಹೊಲದ ಯಜಮಾನ ಥಾರ್ಪ್ ಗೇಟಿನಿಂದಲೇ ಕೂಗಿದರಂತೆ, “ಏನಯ್ಯಾ ನೆವಿಲ್, ಇವತ್ತು ಯಾರ ಮದುವೆ? ಬಂದೂಕಿಗೂ ಕುಚ್ಚು ಕಟ್ಕೊಂಡು ಬಂದಿದೀಯ!” ಪಬ್ಬಿನಲ್ಲಿ ತಿಂಗಳುಗಟ್ಟಲೆ ಅದೇ ಮಾತು, ಮದುವೆ ಗಂಡು ಬಂದ ಅಂತ. ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ನೀನು ಊಟದ ಮೇಜಿನಲ್ಲಿ ಮೊಲದ ಪೈ ತಟ್ಟೆಯನ್ನು ಅತ್ತ ತಳ್ಳಿ “ಕೊಲೆಗಾರ” ಅಂದೆ. ಅವರು “ಹಂಗಾದ್ರೆ ಕೊಲೆಗಾರನ ಮನೇಲಿ ಇರಬೇಡ” ಅಂದರು. ನಾನು ನಲ್ಲಿಯ ಹತ್ತಿರ ನಿಂತಿದ್ದೆ. ಒಂದು ಮಾತಾಡಿದ್ದರೆ ಇಬ್ಬರೂ ತಣ್ಣಗಾಗುತ್ತಿದ್ದಿರಿ. ನಾನು ಪಾತ್ರೆ ತೊಳೆದೆ. ಹನ್ನೊಂದು ವರ್ಷದಿಂದ ಅದೇ ಪಾತ್ರೆ ತೊಳೆಯುತ್ತಿದ್ದೇನೆ ಅನ್ನಿಸುತ್ತದೆ ಮಗಳೇ.

ನೀನು ಮನೆ ಬಿಟ್ಟು ಹೋದ ಸಂಜೆ ಬಾಗಿಲ ಹಿಂದಿನ ಮೊಳೆಯಲ್ಲಿ ನಿನ್ನ ಸ್ಕಾರ್ಫ್ ಇರಲಿಲ್ಲ. ಕೇಳಿದೆ. ನಿಮ್ಮಪ್ಪ ಮುಖ ಎತ್ತದೆ, “ಒಲೆಗೆ ಹಾಕ್ದೆ” ಎಂದರು. ನನ್ನ ಕೈಕೆಲಸ ಸುಟ್ಟರಲ್ಲ ಎಂಬ ಸಿಟ್ಟಿನಲ್ಲಿ ನಾನು ಅದನ್ನು ನಿನಗೆ ಬರೆದುಬಿಟ್ಟೆ. ಬರೆಯಬಾರದಿತ್ತು. ಆಮೇಲೆ ನೀನು ಒಂದು ಸಲವೂ ಊರಿಗೆ ಬರಲಿಲ್ಲ. ಬಲವಂತ ಮಾಡುವ ಯೋಗ್ಯತೆ ಇಲ್ಲವೆಂದದ್ದು ಇದಕ್ಕೇ.

ಆ ವರ್ಷದಿಂದ ನಿಮ್ಮಪ್ಪ ಏರ್‌ಗನ್ನಿನ ಬಟ್ಟೆ ಬಿಚ್ಚಲೇ ಇಲ್ಲ. ಮೇ ಬಂದರೆ ಮೇಲೊಂದು ಸುತ್ತು, ಅಕ್ಟೋಬರ್ ಬಂದರೆ ಅದರ ಮೇಲೊಂದು. “ರೀ, ಊರಿಗೆಲ್ಲ ಪಾಠ ಹೇಳ್ತೀರ, ನೀವೇ ಒದ್ದೆ ಕಾಲುಚೀಲದಲ್ಲಿ ಮಲಗ್ತಿದೀರಲ್ಲ” ಎಂದು ಛೇಡಿಸಿದೆ. “ಇರ್ಲಿ ಬಿಡು” ಎಂದರು. ಸೋಮಾರಿತನ, ವಯಸ್ಸಾಯಿತು ಎಂದುಕೊಂಡೆ. ಆಮೇಲಾಮೇಲೆ ಗುರಿ ತಪ್ಪತೊಡಗಿತು. ಎಂಥ ಗುರಿಗಾರ ಎನ್ನುವುದು ನಿನಗೂ ಗೊತ್ತು. ಒಂದೇ ಏಟಿಗೆ ಪ್ರಾಣ ಹೋಗದಿದ್ದರೆ ಗುಂಡೇ ಹಾರಿಸಬಾರದು ಎನ್ನುವವರು. ಒಂದು ದಿನ ಮೊಲವೊಂದು ಹಿಂಗಾಲು ಎಳೆದುಕೊಂಡು ಬಿಲ ಸೇರಿತಂತೆ. ಅವತ್ತು ಮನೆಗೆ ಬಂದವರು ಚಹಾ ಕೂಡ ಮುಟ್ಟಲಿಲ್ಲ. ಮಾರನೇ ದಿನ ಹೋಗಿ ಕತ್ತಲಾಗುವ ತನಕ ಅದನ್ನೇ ಹುಡುಕಿದರು. ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ, ಕಣ್ಣು ಸರಿಯಾಗೇ ಇದೆ ಎಂದರು. ಕೊನೆಗೆ ಥಾರ್ಪ್ ಮನೆಗೇ ಬಂದು, “ಸಾಕು ನೆವಿಲ್, ಇನ್ನು ಸ್ವಲ್ಪ ರೆಸ್ಟ್ ತಗೋ. ಹೊಲದ ಬೇಟೆ ಕ್ಲಿಫ್ ನೋಡ್ಕೋತಾನೆ” ಎಂದರು. ಮೆತ್ತಗೇ ಹೇಳಿದರು, ಆದರೂ ನಿಮ್ಮಪ್ಪನಿಗೆ ಅದೇ ದೊಡ್ಡ ಪೆಟ್ಟಾಯಿತು. ಆಗಲೂ, ಒಂದೇ ಒಂದು ಸಲ ಬಿಚ್ಚಿ ನೋಡೋಣ ಎಂದು ಗೋಗರೆದೆ. ಬಂದೂಕನ್ನು ಎದೆಗೆ ಅವಚಿಕೊಂಡು ಮಹಡಿಗೆ ಹೋದರು. ಎಂಥ ಹಟಮಾರಿ ಮನುಷ್ಯನನ್ನು ಕಟ್ಟಿಕೊಂಡೆನಪ್ಪಾ ಎಂದು ಬೈದುಕೊಂಡೆ. ಈಗ ಬೈಯಲೂ ಯಾರಿಲ್ಲ.

ಕ್ಲಿಫ್ ಬಂದ ಕೂಡಲೇ ಇಬ್ಬರೂ ಸೇರಿ ಬಿಚ್ಚಬೇಕು. ಅವನಿಗೆಂದು ಒಣದ್ರಾಕ್ಷಿ ಹಾಕಿದ ಪ್ಲಮ್ ಬ್ರೆಡ್ ಕೊಯ್ದಿಟ್ಟಿದ್ದೇನೆ. ನಿನಗೂ ಒಂದು ಮಾಡಿ ತೆಗೆದಿಟ್ಟಿದ್ದೇನೆ, ಬಂದರೆ ತಿನ್ನುವೆಯಂತೆ. ಬರದಿದ್ದರೂ ನಾನು ಕೋಪಿಸಿಕೊಳ್ಳುವುದಿಲ್ಲ, ಅಂಚೆಯಲ್ಲಿ ಕಳಿಸುತ್ತೇನೆ. ಬೆಚ್ಚಗೆ ಇರು, ರಾತ್ರಿ ಎದೆಗೆ ಬಿಸಿನೀರಿನ ಚೀಲ ಇಟ್ಟುಕೋ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನನ್ನು ದಿನವೂ ನೆನೆಯುವ
ಅಮ್ಮ

ವಿ. ಸೂ.: ಲಕೋಟೆ ಒಡೆದು ಮತ್ತೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಕ್ಲಿಫ್ ಅಂಚೆ ಕಚೇರಿಗೆ ಹೋಗಲು ವ್ಯಾನಿನಲ್ಲಿ ಕಾಯುತ್ತಿದ್ದಾನೆ. ಬಿಚ್ಚಿದೆವು ಹೇಜಲ್. ಗೋಣಿ, ಪರದೆ, ಗೋಣಿ, ಎಲ್ಲ ತೆಗೆದ ಮೇಲೆ ಅಡಿಯಲ್ಲಿ ನಿನ್ನ ಸ್ಕಾರ್ಫ್. ಹಿಡಿಯಿಂದ ಹಿಡಿದು ನಳಿಗೆಯ ತುದಿಯವರೆಗೆ, ಮಡಚುವ ಜಾಗದಲ್ಲಿ ಮಾತ್ರ ಸಡಿಲ ಬಿಟ್ಟು ಸುತ್ತಿ, ಗಂಟು ಹಾಕಿ, ಮೇಲೆ ನೂಲಿನಲ್ಲಿ ಹೊಲಿದಿದ್ದಾರೆ. ಒಂದು ತುದಿಯಲ್ಲಿ ಕುಚ್ಚಿಲ್ಲ. ಗುರಿ ಹಿಡಿಯುವಾಗ ಕೆನ್ನೆ ಒತ್ತುವ ಜಾಗದಲ್ಲಿ ಉಣ್ಣೆ ಚಪ್ಪಟೆಯಾಗಿ ಗಟ್ಟಿಯಾಗಿದೆ. ಮಳೆನೀರು ಕುಡಿದ ಉಣ್ಣೆಯಡಿಯಲ್ಲಿ ತುಕ್ಕು ನಳಿಗೆಯ ಬಾಯನ್ನೇ ತಿಂದುಹಾಕಿದೆ. “ಇದ್ರಲ್ಲಿ ಯಾರು ಹೊಡೆದ್ರೂ ಗುರಿ ತಪ್ಪುತ್ತೆ ಆಂಟಿ” ಎಂದ ಕ್ಲಿಫ್, ಮೂಗು ಒರೆಸಿಕೊಂಡು ಹೊರಗೆ ಹೋದ. ಬಿಚ್ಚಿದರೆ ನನ್ನ ಕಣ್ಣಿಗೆ ಬೀಳುತ್ತದೆಂದು ಬಿಚ್ಚಲಿಲ್ಲ ಆ ಮನುಷ್ಯ. ಹೊಲದ ಬೇಟೆ ಕೈತಪ್ಪಿದರೂ ಬಾಯಿ ಬಿಡಲಿಲ್ಲ. ಅವರು ಅದನ್ನು ಸುಟ್ಟಿರಲಿಲ್ಲ ಕಣೇ. ನಾನು ತೊಳೆಯದೆ, ಎಣ್ಣೆ ವಾಸನೆಯ ಸಮೇತ, ಇದರ ಜೊತೆ ಕಳಿಸುತ್ತಿದ್ದೇನೆ. ಶನಿವಾರ ಕೊರಳಿಗೆ ಸುತ್ತಿಕೊಂಡು ಬಾ. ನಾನು ಬೇಲಿಯ ಹತ್ತಿರ ನಿಂತಿರುತ್ತೇನೆ, ನೀನು ಗೇಟಿಗೆ ಬಂದ ಕೂಡಲೇ ಕಾಣುತ್ತೀಯ.